ಮನೆಯವರು ಫೀಲ್ಡ್‌ನಲ್ಲಿ, ಪೋಸ್ಟಿಂಗ್ ಅಂಬಾಲಾಗೆ: ಬೆಂಗಳೂರಿನ ಕ್ವಾರ್ಟರ್ಸ್ ಖಾಲಿ ಮಾಡುವ ತಯಾರಿ ಹೇಗೆ?

ಕೊಡಗಿನಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಮನೆಯವರು ಸೇನೆಯಲ್ಲಿ ಹವಾಲ್ದಾರ್, ಈಗ ಕುಟುಂಬವನ್ನು ಜೊತೆಗಿಟ್ಟುಕೊಳ್ಳಲಾಗದ ಕಾಶ್ಮೀರದ ಫೀಲ್ಡ್ ಏರಿಯಾದಲ್ಲಿದ್ದಾರೆ. ಮಾರ್ಚ್ ಕೊನೆಗೆ ಅಂಬಾಲಾಗೆ ಪೀಸ್ ಪೋಸ್ಟಿಂಗ್, ಅಲ್ಲಿ ಕುಟುಂಬ ಜೊತೆಗಿರಬಹುದು. ಕಾಶ್ಮೀರದಿಂದಲೇ ನೇರವಾಗಿ ಹೋಗಿ ಜಾಯಿನ್ ಆಗುತ್ತಾರೆ, ಸಾಮಾನು ಕಟ್ಟಲು ಬೆಂಗಳೂರಿಗೆ ಬರಲು ಆಗುವುದಿಲ್ಲ. ಜನವರಿಯಲ್ಲಿ ಹತ್ತು ದಿನ ರಜೆ ಸಿಗುತ್ತದೆ, ಅಷ್ಟೇ. ನಾವಿರುವುದು ಫೀಲ್ಡ್‌ಗೆ ಹೋದವರ ಕುಟುಂಬಕ್ಕೆಂದು ಕೊಡುವ ಸೆಪರೇಟೆಡ್ ಫ್ಯಾಮಿಲಿ ಕ್ವಾರ್ಟರ್ಸ್‌ನಲ್ಲಿ. ಮಕ್ಕಳಿಬ್ಬರೂ ಕೇಂದ್ರೀಯ ವಿದ್ಯಾಲಯ, ಒಬ್ಬಳು 3ನೇ ತರಗತಿ, ಒಬ್ಬ 8ನೇ ತರಗತಿ. ಒಂದು ಸ್ಕೂಟರ್ ಇದೆ. ಆ ಹತ್ತು ದಿನದಲ್ಲಿ ಅವರ ಕೈಯಲ್ಲಿ ಏನೇನು ಮಾಡಿಸಿಕೊಳ್ಳಬೇಕು, ಉಳಿದದ್ದನ್ನು ಯಾವ ಕ್ರಮದಲ್ಲಿ ಮಾಡಬೇಕು, ತಿಳಿದವರು ಹೇಳಿ.

ಹಳೇಟ್ರಂಕು
ತಂಗಿ, ಪ್ಯಾಕಿಂಗ್ ಯೋಚನೆ ಫೆಬ್ರವರಿಗೆ ಬಿಡಿ. ಈಗಲೇ ಒಂದು ಹಾಳೆ ತೆಗೆದುಕೊಂಡು, ಅವರ ಸಹಿ ಇಲ್ಲದೆ ಮುಂದೆ ಹೋಗದ ಕೆಲಸಗಳನ್ನಷ್ಟೇ ಬರೆಯಿರಿ. ಹತ್ತು ದಿನದ ರಜೆಯಲ್ಲಿ ಶನಿವಾರ, ಭಾನುವಾರ, ಸಂಕ್ರಾಂತಿ ಕಳೆದರೆ ಕಚೇರಿ ತೆರೆದಿರುವುದು ಐದಾರು ದಿನ. ಆ ದಿನಗಳನ್ನು ಟ್ರಂಕಿಗೆ ಬಣ್ಣ ಹೊಡೆಯಲು ಕಳೆಯಬೇಡಿ.

ಮೊದಲ ದಿನ ಬ್ಯಾಂಕು. ಸಂಬಳದ ಖಾತೆಗೆ ನಿಮ್ಮ ಹೆಸರು ಜಂಟಿಯಾಗಿ ಸೇರಿ, 'ಐದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರೊಬ್ಬರೂ ವ್ಯವಹರಿಸಬಹುದು) ಎಂದು ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಶಾಖೆಗೆ ಹೋಗಿ ಸಹಿ ಹಾಕಬೇಕು. ಎಟಿಎಂ ಕಾರ್ಡು ನಿಮ್ಮ ಹತ್ತಿರ ಇದೆ ಎಂಬುದು ಅಧಿಕಾರವಲ್ಲ. ಕಾರ್ಡು ಬ್ಲಾಕ್ ಆದ ದಿನ ಶಾಖೆಯಲ್ಲಿ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ. ಸಹಿ ಹಾಕಿದ ಖಾಲಿ ಚೆಕ್ಕು ಇಟ್ಟುಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಕಳೆದುಹೋದರೆ ಬರುವ ತೊಂದರೆ ದೊಡ್ಡದು.

ಆಮೇಲೆ ಅಧಿಕಾರ ಪತ್ರಗಳು. ಎಲ್ಲಕ್ಕೂ ಸೇರಿಸಿ ಒಂದೇ ಪತ್ರ ಬರೆಸಬೇಡಿ. ಕ್ವಾರ್ಟರ್ಸ್ ಬಿಟ್ಟುಕೊಡಲು ಒಂದು, ಶಾಲೆಯ ಟಿಸಿಗೆ ಒಂದು, ಗ್ಯಾಸ್ ಕನೆಕ್ಷನ್‌ಗೆ ಒಂದು, ಸ್ಕೂಟರ್ ಬುಕಿಂಗ್‌ಗೆ ಒಂದು, ಹೀಗೆ ಬೇರೆ ಬೇರೆ ಇರಲಿ. ಒಂದೊಂದರಲ್ಲೂ ಅವರ ಸರ್ವಿಸ್ ನಂಬರ್, ರ‍್ಯಾಂಕ್, ಹೆಸರು. ನಿಮ್ಮ ಹೆಸರು, ಡಿಪೆಂಡೆಂಟ್ ಕಾರ್ಡಿನ ನಂಬರ್, ನಿಮ್ಮ ಫೋಟೋ, ನಿಮ್ಮ ಮಾದರಿ ಸಹಿ ಇರಬೇಕು. ಕೆಳಗೆ ಯೂನಿಟ್‌ನ ಸಹಿ, ರಬ್ಬರ್ ಸ್ಟ್ಯಾಂಪು. ಇದನ್ನು ರಜೆಗೆ ಹೊರಡುವ ಮೊದಲೇ ಅಲ್ಲಿಯೇ ಅಟೆಸ್ಟ್ ಮಾಡಿಸಿ ತರಲು ಹೇಳಿ. ಬೆಂಗಳೂರಿಗೆ ಬಂದ ಮೇಲೆ ಯೂನಿಟ್ ಸ್ಟ್ಯಾಂಪು ಎಲ್ಲಿಂದ ಬರಬೇಕು? ಜೊತೆಗೆ ಪೋಸ್ಟಿಂಗ್ ಆರ್ಡರ್ ಮತ್ತು ಕುಟುಂಬದ ವಿವರ ದಾಖಲಾಗುವ ಪಾರ್ಟ್ ಟು ಆರ್ಡರ್‌ಗಳ ನಕಲು. ಮಕ್ಕಳಿಬ್ಬರ ಜನನ ಪಾರ್ಟ್ ಟು ಆಗಿದೆಯೇ, ಅದರಲ್ಲಿರುವ ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದುತ್ತದೆಯೇ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದು ಅಕ್ಷರ ತಪ್ಪಿದ್ದರೂ ಹೊಸ ಡಿಪೆಂಡೆಂಟ್ ಕಾರ್ಡು, ಟಿಕೆಟ್ಟು, ಮಕ್ಕಳ ಶಿಕ್ಷಣ ಭತ್ಯೆ ಮೂರಕ್ಕೂ ಅಡ್ಡಿ ಬರುತ್ತದೆ.

ಆಸ್ತಿ ಅಥವಾ ಗಾಡಿ ಮಾರುವುದಿದ್ದರೆ ಮಾತ್ರ ಸ್ಪೆಷಲ್ ಪವರ್ ಆಫ್ ಅಟಾರ್ನಿ ಬೇಕು. ಉಳಿದದ್ದಕ್ಕೆ ಈ ಪತ್ರಗಳು ಸಾಕು.

ಸಿಗ್ನಲ್‌ಮನೆ
ಅಕ್ಕ, ಹಳೇಟ್ರಂಕು ಅಣ್ಣ ಸಹಿಯ ಬಗ್ಗೆ ಹೇಳಿದರು. ನಾನು ಒಟಿಪಿಯ ಬಗ್ಗೆ ಹೇಳುತ್ತೇನೆ. ಈಗಿನ ಕಾಲದಲ್ಲಿ ಅದೂ ಒಂದು ಸಹಿಯೇ.

ಗ್ಯಾಸು, ಕರೆಂಟು, ವಿಮೆ, ಶಾಲೆಯ ಪೋರ್ಟಲ್, ಮಕ್ಕಳ ಆಧಾರ್: ಇವು ಯಾರ ಮೊಬೈಲ್ ನಂಬರ್‌ಗೆ ಜೋಡಿಸಿವೆ ಎಂದು ಒಂದೊಂದಾಗಿ ನೋಡಿ. ಬಹುಪಾಲು ಅವರ ನಂಬರ್ ಇರುತ್ತದೆ. ಅವರು ನೆಟ್‌ವರ್ಕ್ ಇಲ್ಲದ ಪೋಸ್ಟ್‌ನಲ್ಲಿದ್ದಾಗ ಒಟಿಪಿ ಬಂದರೂ ನಿಮಗೆ ಸಿಗುವುದಿಲ್ಲ, ಹತ್ತು ನಿಮಿಷದಲ್ಲಿ ಅವಧಿ ಮುಗಿದಿರುತ್ತದೆ. ಇನ್ನೊಂದು ವಿಷಯ, ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಅವರ ಬ್ಯಾಂಕಿಗೆ ಜೋಡಿಸಿದ ನಂಬರ್ ಕರ್ನಾಟಕದ ಪ್ರೀಪೇಯ್ಡ್ ಆಗಿದ್ದರೆ ರಜೆಯಲ್ಲೇ ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳಲಿ.

ಬದಲಿಸಬಹುದಾದ ಎಲ್ಲವನ್ನೂ ರಜೆಯಲ್ಲೇ ನಿಮ್ಮ ನಂಬರ್‌ಗೆ ಬದಲಿಸಿ, ಏಕೆಂದರೆ ಬದಲಿಸಲು ಕೂಡ ಹಳೇ ನಂಬರ್‌ಗೆ ಒಂದು ಒಟಿಪಿ ಬರುತ್ತದೆ. ಅವರ ಸ್ವಂತ ಆಧಾರ್‌ನ ಮೊಬೈಲ್ ಬದಲಾವಣೆಗೆ ಅವರೇ ಇರಬೇಕು, ಅದು ನಿಮ್ಮಿಂದ ಆಗುವುದಿಲ್ಲ. ಮಗಳಿಗೆ 5 ವರ್ಷ ತುಂಬಿದ ಮೇಲೆ ಬಯೋಮೆಟ್ರಿಕ್ ಅಪ್‌ಡೇಟ್ ಆಗಿದೆಯೇ ನೋಡಿಕೊಳ್ಳಿ. ಮಗನಿಗೆ 15 ತುಂಬಿದಾಗ ಮತ್ತೊಮ್ಮೆ ಮಾಡಿಸಬೇಕು.

ವೇದಿಕೆ ನಿರ್ವಾಹಕರು
ಈ ಚರ್ಚೆಯಲ್ಲಿ ಯಾರೂ ಯೂನಿಟ್ ಹೆಸರು, ಹೊರಡುವ ದಿನಾಂಕ, ರೈಲು, ಕ್ವಾರ್ಟರ್ಸ್ ನಂಬರ್ ಬರೆಯಬೇಡಿ. ಪೋಸ್ಟಿಂಗ್ ಆರ್ಡರ್‌ನ ಫೋಟೋ ಹಾಕಿದರೆ ತೆಗೆಯುತ್ತೇವೆ. ಸಾಗಣೆಯವರಿಗೂ ವಾಟ್ಸ್‌ಆ್ಯಪ್‌ನಲ್ಲಿ ಪೂರ್ತಿ ಆರ್ಡರ್ ಕಳಿಸುವ ಅಗತ್ಯವಿಲ್ಲ, ಊರಿಂದ ಊರಿಗೆ ಎಂದರೆ ಸಾಕು.

ಲೆಕ್ಕಪತ್ರ
ಹಣದ ವಿಷಯ ನನಗೆ ಬಿಡಿ. ತಪ್ಪು ತಿಳಿವಳಿಕೆ ಬಹಳ ಇದೆ.

ಹವಾಲ್ದಾರ್ ಪೇ ಮ್ಯಾಟ್ರಿಕ್ಸ್‌ನ 5ನೇ ಲೆವೆಲ್. 7ನೇ ವೇತನ ಆಯೋಗದ ನಂತರ 2017ರಲ್ಲಿ ಬಂದ ಮೂಲ ದರದಲ್ಲಿ 5ನೇ ಲೆವೆಲ್‌ಗೆ ಸಾಮಾನಿನ ಮಿತಿ 3,000 ಕೆಜಿ, ರಸ್ತೆಯಲ್ಲಾದರೆ ಕಿ.ಮೀ.ಗೆ 25 ರೂಪಾಯಿ. 4 ಮತ್ತು ಅದಕ್ಕಿಂತ ಕೆಳಗಿನ ಲೆವೆಲ್‌ಗೆ 1,500 ಕೆಜಿ, 15 ರೂಪಾಯಿ. ನಾಯಬ್ ಸುಬೇದಾರ್ ಆದರೆ 6ನೇ ಲೆವೆಲ್, 6,000 ಕೆಜಿ, 50 ರೂಪಾಯಿ. ತುಟ್ಟಿಭತ್ಯೆ ಶೇ 50 ಏರಿದಾಗ ಈ ದರ ಶೇ 25ರಷ್ಟು ಏರಬೇಕೆಂಬುದು ಅದೇ ಆದೇಶದಲ್ಲಿದೆ. ಹೊರಡುವ ದಿನಕ್ಕೆ ಯಾವ ದರ ನಡೆಯುತ್ತಿದೆ ಎಂದು ಯೂನಿಟ್ ಕ್ಲರ್ಕ್ ಹತ್ತಿರ ಕೇಳಿಸಿ.

ಬೆಂಗಳೂರಿಂದ ಅಂಬಾಲಾಗೆ ಹೆಚ್ಚುಕಡಿಮೆ 2,300 ಕಿ.ಮೀ. ಎಂದುಕೊಂಡರೆ 25ರ ದರದಲ್ಲಿ 57,500 ರೂಪಾಯಿ ಮಿತಿ. ಗಮನಿಸಿ, ಇದು ಮಿತಿ ಮಾತ್ರ. ಲಾರಿಗೆ 48,000 ಕೊಟ್ಟರೆ ಬರುವುದು 48,000. ಲಾರಿಗೆ 70,000 ಕೊಟ್ಟರೆ ಬರುವುದು 57,500. ಯಾವುದು ಕಡಿಮೆಯೋ ಅದು.

ಇದರ ಹೊರತಾಗಿ ಕಾಂಪೋಸಿಟ್ ಟ್ರಾನ್ಸ್‌ಫರ್ ಗ್ರ್ಯಾಂಟ್ ಇದೆ, ಕೊನೆಯ ತಿಂಗಳ ಮೂಲವೇತನದ ಶೇ 80. ಮಿಲಿಟರಿ ಸರ್ವಿಸ್ ಪೇ 5,200 ಇದರಲ್ಲಿ ಸೇರುವುದಿಲ್ಲ. ಮೂಲವೇತನ 40,000 ಇದ್ದರೆ 32,000 ಬರುತ್ತದೆ. ಪ್ಯಾಕಿಂಗ್ ಸಾಮಗ್ರಿ, ಕೂಲಿ, ಸ್ಟೇಷನ್‌ಗೆ ಟ್ಯಾಕ್ಸಿ ಎಲ್ಲವೂ ಈ ದುಡ್ಡಿನಲ್ಲೇ ಮುಗಿಯಬೇಕು.

ಕ್ಲೇಮು ವಾಪಸು ಬರುವುದು ಹೆಚ್ಚಾಗಿ ಬಿಲ್ಲಿನ ದೋಷದಿಂದ. ಬಿಲ್ಲು ನಿಮ್ಮ ಹೆಸರಿನಲ್ಲಿ ಬೇಡ, ಯಜಮಾನರ ನಂಬರ್, ರ‍್ಯಾಂಕ್, ಹೆಸರಿನಲ್ಲಿ ಇರಲಿ. ಎಲ್ಲಿಂದ ಎಲ್ಲಿಗೆ, ಲಾರಿ ನಂಬರ್, ತೂಕ, ದಿನಾಂಕ, ಜಿಎಸ್‌ಟಿ ನಂಬರ್ ಬೇಕು. ಲಾರಿ ರಸೀದಿ ಬೇರೆ, ಬಿಲ್ಲು ಬೇರೆ, ಹಣ ತಲುಪಿದ ರಸೀದಿ ಬೇರೆ. ಮೂರೂ ಮೂಲಪ್ರತಿ ಇರಲಿ. ಖಾತೆಯಿಂದಲೇ ಪಾವತಿಸಿ, ಸ್ಟೇಟ್‌ಮೆಂಟ್‌ನ ಆ ಪುಟ ಲಗತ್ತಿಸಿ. ಹೆಚ್ಚು ಮೊತ್ತ ಬರೆದುಕೊಡುತ್ತೇವೆ ಎನ್ನುವ ಸಾಗಣೆಯವರ ಹತ್ತಿರ ಹೋಗಲೇಬೇಡಿ. ಸುಳ್ಳು ಬಿಲ್ಲು ಸಿಕ್ಕಿಬಿದ್ದರೆ ಶಿಸ್ತುಕ್ರಮ ಆಗುವುದು ಅವರ ಮೇಲೆ, ನೌಕರಿಗೇ ಕುತ್ತು.

ಪ್ರಯಾಣ ಮುಗಿದ 60 ದಿನದೊಳಗೆ ಕ್ಲೇಮ್ ಹಾಕಬೇಕು. 5ನೇ ಲೆವೆಲ್‌ನ ಕುಟುಂಬಕ್ಕೆ ರೈಲಿನಲ್ಲಿ ಥರ್ಡ್ ಎಸಿ. ಟಿಕೆಟ್ಟನ್ನು ಯೂನಿಟ್‌ನವರು ಡಿಫೆನ್ಸ್ ಟ್ರಾವೆಲ್ ಸಿಸ್ಟಂನಲ್ಲಿ ಮಾಡಿಸುತ್ತಾರೆ. ನೀವು ಸ್ವಂತ ದುಡ್ಡಲ್ಲಿ ಮೊದಲೇ ಕೊಂಡು ಆಮೇಲೆ ಕೇಳುವ ದಾರಿ ಹಿಡಿಯಬೇಡಿ.

ಕೊಡಗಿನಮಲ್ಲಿಗೆ
ತುಂಬಾ ಉಪಕಾರ ಆಯಿತು. ಲೆಕ್ಕಪತ್ರ ಸರ್, ಅವರು ಇರುವುದು ಕಾಶ್ಮೀರದಲ್ಲಿ, ನಾವು ಬೆಂಗಳೂರಲ್ಲಿ. ಸಾಮಾನಿನ ಲೆಕ್ಕ ಎಲ್ಲಿಂದ ಹಿಡಿಯುತ್ತಾರೆ?

ಲೆಕ್ಕಪತ್ರ
ಅವರು ಫೀಲ್ಡ್‌ಗೆ ಹೋದಾಗ ಬೆಂಗಳೂರನ್ನು ಕುಟುಂಬದ 'ಸೆಲೆಕ್ಟೆಡ್ ಪ್ಲೇಸ್ ಆಫ್ ರೆಸಿಡೆನ್ಸ್' ಎಂದು ದಾಖಲಿಸಿದ್ದರೆ ಬೆಂಗಳೂರಿಂದಲೇ ಹಿಡಿಯುತ್ತಾರೆ. ಆ ದಾಖಲೆಯ ನಕಲು ಕ್ಲೇಮಿನ ಮೇಲ್ಪುಟದಲ್ಲೇ ಇರಲಿ. ದಾಖಲೆಯಲ್ಲಿ ಮಡಿಕೇರಿ ಎಂದಿದ್ದು ಸಾಮಾನು ಬೆಂಗಳೂರಿಂದ ಹೊರಟರೆ ಪ್ರಶ್ನೆ ಬರುತ್ತದೆ. ಈಗಲೇ ಕೇಳಿಸಿ.

ಬ್ಯಾರಕ್‌ಸ್ಟೋರ್
ಕ್ವಾರ್ಟರ್ಸ್ ಬಿಟ್ಟುಕೊಡುವ ಮಾರ್ಚಿಂಗ್ ಔಟ್ ಬಗ್ಗೆ ಹೇಳುತ್ತೇನೆ ಮೇಡಂ. ಖಾಲಿ ಮಾಡುವ ದಿನಾಂಕವನ್ನು ಊರಿನ ಸೇನಾ ಕಚೇರಿಯಾದ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ಗೆ ಲಿಖಿತವಾಗಿ ಮೊದಲೇ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಪೋಸ್ಟಿಂಗ್ ಆದ ಮೇಲೆ ಮಕ್ಕಳ ಪರೀಕ್ಷೆ ಮುಗಿಯುವತನಕ ಇರಬೇಕಾದರೆ ಅದಕ್ಕೆ ಬೇರೆ ಅರ್ಜಿ, ಅನುಮತಿ ಬೇಕು. ಅನುಮತಿ ಇಲ್ಲದೆ ಉಳಿದರೆ ಡ್ಯಾಮೇಜ್ ರೆಂಟ್ ಬೀಳುತ್ತದೆ. ಅದು ಮಾಮೂಲಿ ಬಾಡಿಗೆಗೆ ಹೋಲಿಸುವಂತಹುದಲ್ಲ, ಸಂಬಳದಲ್ಲಿ ಕಡಿತವಾದ ಮೇಲೆ ವಾಪಸು ಪಡೆಯುವುದು ಬಲು ಕಷ್ಟ.

ಕ್ವಾರ್ಟರ್ಸ್ ರಿಪೇರಿ ನೋಡಿಕೊಳ್ಳುವ ಎಂಇಎಸ್‌ನವರು ಬಂದು ನೋಡುವುದು ನೀವು ಮನೆಗೆ ಬಂದಾಗ ಸಹಿ ಹಾಕಿದ ಪಟ್ಟಿಯನ್ನು ಹಿಡಿದುಕೊಂಡು. ಆ ಪಟ್ಟಿಯ ನಕಲನ್ನು ಈಗಲೇ ಹುಡುಕಿ, ಮನೆಯಲ್ಲಿ ಓಡಾಡಿಕೊಂಡು ಒಂದೊಂದನ್ನೂ ಎಣಿಸಿ. ಕಾಣೆಯಾಗುವುದು ದೊಡ್ಡ ವಸ್ತುಗಳಲ್ಲ. ಫ್ಯಾನಿನ ರೆಗ್ಯುಲೇಟರ್, ಪರದೆಯ ಸರಳು, ಬಚ್ಚಲಿನ ಕನ್ನಡಿ, ನಲ್ಲಿಯ ತಲೆ, ಬಾಗಿಲ ಎರಡನೇ ಕೀಲಿ, ಸೊಳ್ಳೆ ಜಾಲರಿ. ನಿಮ್ಮದೇ ಎಲ್‌ಇಡಿ ಬಲ್ಬು ಹಾಕಿ ಅವರ ಟ್ಯೂಬ್‌ಲೈಟ್ ಫಿಟಿಂಗ್ ಅಟ್ಟದಲ್ಲಿಟ್ಟಿದ್ದರೆ ಅದನ್ನೇ ವಾಪಸು ಕೂಡಿಸಿ. ಸಣ್ಣ ರಿಪೇರಿ ಇದ್ದರೆ ಎರಡು ತಿಂಗಳ ಮೊದಲೇ ದೂರು ಬರೆಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ಸಹಜವಾಗಿ ಸವೆದು ಹಾಳಾದದ್ದಕ್ಕೂ ನೀವು ಒಡೆದದ್ದಕ್ಕೂ ವ್ಯತ್ಯಾಸ ತೋರಿಸಲು ಆ ನಂಬರೇ ಆಧಾರ. ಇಲ್ಲವಾದರೆ ಎಲ್ಲವೂ ನೀವು ತುಂಬಿಕೊಡಬೇಕಾದ ಬ್ಯಾರಕ್ ಡ್ಯಾಮೇಜ್ ಲೆಕ್ಕಕ್ಕೆ ಹೋಗುತ್ತದೆ.

ಮಂಚ, ಮೇಜು, ಕುರ್ಚಿ ಸರ್ಕಾರದ್ದಾದರೆ ಲಾರಿ ಬರುವ ಮುನ್ನ ಒಂದು ಕೋಣೆಗೆ ಸೇರಿಸಿ ಬಾಗಿಲು ಹಾಕಿ. ಕೂಲಿಯವರು ಅವಸರದಲ್ಲಿ ಲಾರಿಗೆ ಏರಿಸಿಬಿಡುತ್ತಾರೆ. ಮೀಟರ್ ರೀಡಿಂಗ್ ಕೊನೆಯ ದಿನ ಫೋಟೋ ತೆಗೆಯಿರಿ, ಕರೆಂಟು ಮತ್ತು ನೀರಿನ ಬಿಲ್ಲು ಕಟ್ಟಿ, ಬಾಕಿ ಇಲ್ಲ ಎಂಬ ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡೇ ಊರು ಬಿಡಿ. ಆಮೇಲೆ ಕಳಿಸುತ್ತೇವೆ ಎಂದರೆ ಒಪ್ಪಬೇಡಿ. ಹೊಸ ಸ್ಟೇಷನ್‌ನಲ್ಲಿ ಮನೆ ಕೇಳುವಾಗ ಅದನ್ನು ತೋರಿಸಬೇಕಾಗುತ್ತದೆ.

ಧಾರವಾಡದಾಕಿ
ಈಗ ಸಾಮಾನ ಕಟ್ಟೂದ ಹೇಳ್ತೀನ್ರಿ ಅಕ್ಕಾರ. ಒಂದ ಟ್ರಂಕ ಇಬ್ಬರ ಎತ್ತೂವಷ್ಟ ಇರಬೇಕ್ರಿ, 40 ಕೆಜಿ ಮ್ಯಾಲ ಬ್ಯಾಡ. ಪುಸ್ತಕ ಬರೇ ಕೆಳಗಿನ ಮೂರನೇ ಒಂದ ಭಾಗ ಇಡ್ರಿ, ಮ್ಯಾಲ ಅರಬಿ ತುಂಬ್ರಿ. ಪೂರ್ತಿ ಪುಸ್ತಕ ತುಂಬಿದ್ರ ಹಿಡಿಕಿ ಕಿತ್ತ ಬರ್ತೈತಿ, ಕೂಲಿಯವ್ರ ಎತ್ತಿ ಒಗೀತಾರ. ಟ್ರಂಕಿನ ಮ್ಯಾಲ 1/22, 2/22 ಅಂತ ಬರದು, ಒಳಗೇನೈತಿ ಅನ್ನೂದನ್ನ ಒಂದ ನೋಟಬುಕ್ಕಿನ್ಯಾಗ ಬರೀರಿ. ಹೆಸರು, ಯೂನಿಟ್ ದೊಡ್ಡದಾಗಿ ಬಿಳಿ ಬಣ್ಣದಾಗ ಬರಿಯೂ ಹಳೇ ಪದ್ಧತಿ ಈಗ ಬ್ಯಾಡ್ರಿ, ನಿಮ್ಮ ಹೆಸರು ಮತ್ತ ಫೋನ್ ನಂಬರ್ ಸಾಕ.

ವಾಷಿಂಗ್ ಮಷೀನ್ ಫ್ರಂಟ್ ಲೋಡ್ ಆಗಿದ್ರ, ಕೊಂಡಾಗ ಹಿಂದಿಂದ ಬಿಚ್ಚಿದ ಟ್ರಾನ್ಸಿಟ್ ಬೋಲ್ಟ್ ಎಲ್ಲದಾವ ಹುಡುಕ್ರಿ. ಅವನ್ನ ತಿರುಗಿ ಹಾಕಲಿಲ್ಲ ಅಂದ್ರ 2,300 ಕಿಲೋಮೀಟರ್ ಡ್ರಮ್ ಅಲ್ಲಾಡಿ ಒಳಗಿನ ಸ್ಪ್ರಿಂಗು, ಶಾಕರ್ ಹೋಗ್ತಾವ. ಕಳದಿದ್ರ ಸರ್ವಿಸ್ ಸೆಂಟರ್‌ನ್ಯಾಗ ಮಾಡೆಲ್ ನಂಬರ್ ಹೇಳಿ ತರಸ್ರಿ. ಪೈಪಿನ ನೀರ ಪೂರ್ತಿ ಬಸೀರಿ.

ಫ್ರಿಜ್ ಹಿಂದಿನ ದಿನಾನ ಬಂದ್ ಮಾಡಿ ಬಾಗಲಾ ತಗದ ಇಡ್ರಿ, ಐಸ್ ಕರಗಿ ಒಣಗಬೇಕು. ಹಸಿ ಇದ್ದಾಗ ಮುಚ್ಚಿ ಕಟ್ಟಿದ್ರ ರಬ್ಬರಿಗೆ ಬೂಸ್ಟ ಹಿಡೀತೈತಿ. ಲಾರಿಯಾಗ ನಿಂತ ಬರಬೇಕು, ಮಲಗಿಸಬಾರದು. ಮಲಗಿಸಿದ್ರ ಕಂಪ್ರೆಸರ್ ಎಣ್ಣಿ ಪೈಪಿಗೆ ಹೋಗ್ತೈತಿ. ಮುಟ್ಟಿದ ಮ್ಯಾಲೂ ಕಡಿಮಿ ಅಂದ್ರ ನಾಲ್ಕೈದ ತಾಸ ಬಿಟ್ಟ ಚಾಲೂ ಮಾಡ್ರಿ. ಇನ್ವರ್ಟರ್ ಬ್ಯಾಟರಿ ಆ್ಯಸಿಡ್‌ದ್ದು ಆಗಿದ್ರ ಅರಬಿ ಹಾಸಿಗಿ ಹತ್ತರ ಇಡಬ್ಯಾಡ್ರಿ, ಟರ್ಮಿನಲ್‌ಗೆ ಟೇಪ್ ಸುತ್ತಿ ನೆಟ್ಟಗ ನಿಲ್ಲಸ್ರಿ.

ಗ್ಯಾಸ್ ಸಿಲಿಂಡರ್ ಖಾಲಿ ಇದ್ರೂ ಲಾರಿಯಾಗ ಹಾಕಬ್ಯಾಡ್ರಿ.

ಹಳೇಟ್ರಂಕು
ಲಾರಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪಾರ್ಟ್ ಲೋಡ್ ಅಗ್ಗ. ಆದರೆ ನಡುವೆ ಗೋದಾಮಿನಲ್ಲಿ ಇಳಿಸಿ ಬೇರೆ ಗಾಡಿಗೆ ಏರಿಸುತ್ತಾರೆ, ಒಡೆಯುವುದು, ಕಳೆಯುವುದು ಹೆಚ್ಚಾಗಿ ಅಲ್ಲೇ. ಅದೇ ಸ್ಟೇಷನ್‌ಗೆ ಹೋಗುವ ಇನ್ನೊಂದು ಕುಟುಂಬ ಸಿಕ್ಕರೆ ಒಂದೇ ಲಾರಿ ಮಾಡಿಕೊಳ್ಳುವುದು ಒಳ್ಳೆಯದು, ಬಿಲ್ಲು ಮಾತ್ರ ಇಬ್ಬರಿಗೂ ಬೇರೆ ಬೇರೆ ಮಾಡಿಸಿ.

ಮೂರು ಕಡೆ ದರ ಕೇಳಿ. ಫೋನಿನಲ್ಲಿ ಹೇಳಿದ ದರ ನಂಬಬೇಡಿ, ಮನೆಗೆ ಬಂದು ಸಾಮಾನು ನೋಡಿ ಬರೆದುಕೊಡಲಿ. ತೀರಾ ಕಡಿಮೆ ಹೇಳುವವರು ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೆಚ್ಚು ಕೇಳುತ್ತಾರೆ, ಸಾಮಾನು ಅವರ ಕೈಯಲ್ಲಿರುತ್ತದೆ, ನಿಮಗೆ ಬೇರೆ ದಾರಿ ಇರುವುದಿಲ್ಲ. ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಕಾಣುತ್ತದೆ. ಸಾಗಣೆಯವರ 'ರಿಸ್ಕ್ ಕವರ್' ವಿಮೆ ಅಲ್ಲ. ವಿಮಾ ಕಂಪನಿಯ ಹೆಸರಿರುವ ಪಾಲಿಸಿ ಕೇಳಿ, ಅದರಲ್ಲಿ ಟಿವಿ, ಫ್ರಿಜ್, ಮಷೀನ್ ಬೆಲೆಸಹಿತ ಬರೆದಿರಬೇಕು. ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ, ಒಂದು ಪಾಲನ್ನಾದರೂ ಇಳಿಸಿ ಎಣಿಸಿದ ಮೇಲೆ ಕೊಡಿ.

ಚಾಕ್‌ಪೀಸ್
ಶಾಲೆಯದು ನಿಮಗೆ ಸುಲಭ, ಕೆವಿಯಿಂದ ಕೆವಿಗೆ. ಆರ್ಡರ್‌ನ ನಕಲು, ಅಧಿಕಾರ ಪತ್ರ, ಕೊನೆಯ ತ್ರೈಮಾಸಿಕದ ಶುಲ್ಕದ ರಸೀದಿ, ಲೈಬ್ರರಿ ಪುಸ್ತಕ ವಾಪಸು ಕೊಟ್ಟು ಟಿಸಿ ಪಡೆಯಿರಿ. ರಿಸಲ್ಟ್ ಮಾರ್ಚ್ ಕೊನೆಗೆ, ಹೊಸ ವರ್ಷ ಏಪ್ರಿಲ್‌ಗೆ, ಹಾಗಾಗಿ ನಿಮ್ಮ ಸಮಯ ಸರಿಯಾಗಿದೆ. ರಾಜ್ಯ ಪಠ್ಯಕ್ರಮದ ಶಾಲೆಯಿಂದ ಹೋಗುವವರು ಹುಷಾರಾಗಿರಬೇಕು. ನಮ್ಮಲ್ಲಿ ತರಗತಿ ಶುರುವಾಗುವುದು ಮೇ ಕೊನೆ, ಜೂನ್. ಅಷ್ಟರಲ್ಲಿ ಅಲ್ಲಿ ಒಂದೂವರೆ ತಿಂಗಳ ಪಾಠ ಮುಗಿದಿರುತ್ತದೆ.

ಟಿಸಿ ಕೈಗೆ ಬಂದರೆ ಮುಗಿಯಲಿಲ್ಲ. ಶಾಲಾ ಮಕ್ಕಳ ದಾಖಲೆಯ ಯುಡೈಸ್ ಪೋರ್ಟಲ್‌ನಲ್ಲಿ ಹಳೇ ಶಾಲೆಯವರು ಮಗುವನ್ನು ತಮ್ಮ ಪಟ್ಟಿಯಿಂದ ಬಿಡುಗಡೆ ಮಾಡಬೇಕು, ಆಗಲೇ ಹೊಸ ಶಾಲೆಯವರಿಗೆ ಸೇರಿಸಿಕೊಳ್ಳಲು ಬರುತ್ತದೆ. ಮಗುವಿನ ಪೆನ್ ನಂಬರ್ (ಆ ಪೋರ್ಟಲ್ ಕೊಡುವ ಶಾಶ್ವತ ಶಿಕ್ಷಣ ಸಂಖ್ಯೆ) ಟಿಸಿಯಲ್ಲಿದೆಯೇ ನೋಡಿ, ಬಿಡುಗಡೆ ಮಾಡಿ ಎಂದು ಅಲ್ಲೇ ನಿಂತು ಕೇಳಿ. ಶಿಕ್ಷಣ ಭತ್ಯೆಗೆ ಬೇಕಾದ ಬೋನಫೈಡ್ ಪ್ರಮಾಣಪತ್ರವನ್ನೂ ಅದೇ ದಿನ ತೆಗೆದುಕೊಳ್ಳಿ, ವರ್ಷ ಮುಗಿದ ಮೇಲೆ ಅಂಬಾಲಾದಿಂದ ಅದನ್ನು ತರಿಸುವುದು ಸುಮ್ಮನೆ ತೊಂದರೆ. ಮಗ ಈಗ 9ಕ್ಕೆ ಹೋಗುತ್ತಾನೆ. ಸಿಬಿಎಸ್‌ಇ ನೋಂದಣಿ ಆಗುವುದು 9ರಲ್ಲಿ, ಅದು ಅಂಬಾಲಾದಲ್ಲೇ ಆಗುತ್ತದೆ, ಒಳ್ಳೆಯದಾಯಿತು. ನೋಂದಣಿ ಆದ ಮೇಲೆ 10ರಲ್ಲಿ ಶಾಲೆ ಬದಲಿಸಲು ಮಂಡಳಿಯ ಅನುಮತಿ ಬೇಕು. ತಂದೆಯ ವರ್ಗಾವಣೆ ಅದಕ್ಕೆ ಒಪ್ಪುವ ಕಾರಣ, ಆದರೂ ಕಾಗದ ಓಡಾಡಬೇಕು.

ಸಿಗ್ನಲ್‌ಮನೆ
ಸ್ಕೂಟರ್: 5ನೇ ಲೆವೆಲ್‌ಗೆ ಒಂದು ದ್ವಿಚಕ್ರ ವಾಹನದ ಸಾಗಣೆ ಸಿಗುತ್ತದೆ. ರೈಲು ಪಾರ್ಸೆಲ್‌ನಲ್ಲಿ ಹಾಕುವುದಾದರೆ ಹಿಂದಿನ ದಿನವೇ ಪಾರ್ಸೆಲ್ ಕಚೇರಿಗೆ ಹೋಗಿ. ಪೆಟ್ರೋಲ್ ಪೂರ್ತಿ ಬಸಿದಿರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಆರ್‌ಸಿ, ವಿಮೆ, ಗುರುತಿನ ಚೀಟಿಯ ನಕಲು ಕೊಡಿ. ಕನ್ನಡಿಗಳನ್ನು ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಗೋಣಿ ಸುತ್ತಿಸಿ, ಊರಿನ ಹೆಸರು ಎರಡೂ ಕಡೆ ಬರೆಸಿ.

ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಓಡಿಸುವುದಿದ್ದರೆ ಅಲ್ಲಿನ ನೋಂದಣಿ ಬೇಕು, ಅದಕ್ಕೆ ಇಲ್ಲಿನ ಆರ್‌ಟಿಒ ಎನ್‌ಒಸಿ. ಫಾರಂ 28ಕ್ಕೆ ಮಾಲೀಕರ ಸಹಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ಗಾಡಿ ಯಜಮಾನರ ಹೆಸರಿನಲ್ಲಿದ್ದರೆ ಇದು ಕೂಡ ಜನವರಿಯ ಕೆಲಸ. ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರ ಮೊದಲು. ಸೈನಿಕರಿಗೆ ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ ಸರಣಿಯ ಅವಕಾಶ 2021ರಿಂದ ಇದೆ, ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುವುದು. ಮುಂದೆ ಗಾಡಿ ಕೊಳ್ಳುವಾಗ ಯೋಚಿಸಿ.

ಗ್ಯಾಸ್: ಸಿಲಿಂಡರ್, ರೆಗ್ಯುಲೇಟರ್, ಬುಕ್ಕು, ಸಬ್‌ಸ್ಕ್ರಿಪ್ಷನ್ ವೋಚರ್ ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ವಾಪಸು ಬಂದು ಟರ್ಮಿನೇಷನ್ ವೋಚರ್ ಸಿಗುತ್ತದೆ. ಅದನ್ನು ಅಲ್ಲಿ ತೋರಿಸಿದರೆ ಹೊಸ ಕನೆಕ್ಷನ್, ಠೇವಣಿ ಮಾತ್ರ ಆ ದಿನದ ದರದಲ್ಲಿ. ಸಬ್‌ಸ್ಕ್ರಿಪ್ಷನ್ ವೋಚರ್ ಕಳೆದಿದ್ದರೆ ಅಫಿಡವಿಟ್ ಬೇಕು, ಈಗಲೇ ಹುಡುಕಿ.

ಕೊಡಗಿನಮಲ್ಲಿಗೆ
ವೋಚರ್ ಸಿಕ್ಕಿತು, ಮಷೀನ್ ಬೋಲ್ಟ್ ಮೂರು ಸಿಕ್ಕಿವೆ, ನಾಲ್ಕನೆಯದು ಇಲ್ಲ. ಸರ್ವಿಸ್ ಸೆಂಟರ್‌ಗೆ ಹೇಳಿದ್ದೇನೆ. ಗ್ರೈಂಡರ್, ರಾಗಿ, ನಮ್ಮ ಕೊಡಗಿನ ಹುಳಿ ರಸ ಕಾಚಂಪುಳಿ ತೆಗೆದುಕೊಂಡು ಹೋಗುವುದು ಹೇಗೆ? ಅಲ್ಲಿ ಸಿಗುತ್ತದೋ ಇಲ್ಲವೋ.

ಧಾರವಾಡದಾಕಿ
ಗ್ರೈಂಡರ್ ಕಲ್ಲ ಹೊರಗ ತಗದು, ಹಳೇ ಚಾದರದಾಗ ಬ್ಯಾರೆ ಸುತ್ತ್ರಿ. ಒಳಗ ಬಿಟ್ರ ಕಲ್ಲ ಬಡದು ಡ್ರಮ್ ಸೀಳತೈತಿ. ರಾಗಿ ಹಿಟ್ಟ ಮಾಡಿಸಬ್ಯಾಡ್ರಿ, ಕಾಳನ ಒಯ್ಯರಿ. ಹಿಟ್ಟಿಗೆ ಹುಳ ಬೀಳತೈತಿ, ಕಾಳ ವರ್ಷಗಟ್ಟಲೆ ಕೆಡಂಗಿಲ್ಲ. ಎರಡ ದಿನ ಬಿಸಲಿಗೆ ಒಣಗಸಿ ಸ್ಟೀಲ್ ಡಬ್ಬಿಗೆ ತುಂಬ್ರಿ. ಅಲ್ಲೆ ಗಿರಣಿಯಾಗ ಗೋಧಿ ಬೀಸಿದ ಕೂಡ್ಲೆ ರಾಗಿ ಹಾಕಬ್ಯಾಡ್ರಿ ಅಂತ ಹೇಳ್ರಿ, ಮದಲ ಒಂದ ಹಿಡಿ ಬೀಸಿ ಚೆಲ್ಲಲಿ.

ಕೆಂಪುಮಣ್ಣು
ಕಾಚಂಪುಳಿಗೆ ತಗಡಿನ ಮುಚ್ಚಳದ ಬಾಟಲಿ ಬೇಡ ಅಕ್ಕ, ಹುಳಿ ತಗಡನ್ನು ತಿಂದು ಸೋರುತ್ತದೆ. ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ, ಬಾಯಿಗೆ ಮೇಣ, ಮೇಲೆ ಎರಡು ಪ್ಲಾಸ್ಟಿಕ್ ಚೀಲ. ಅದು ಲಾರಿಗೆ ಬೇಡ, ನಿಮ್ಮ ಕೈಚೀಲದಲ್ಲೇ ನೆಟ್ಟಗೆ ಬರಲಿ. ಅದೇ ಚೀಲದಲ್ಲಿ ಮೂಲ ಕಾಗದಗಳು, ಮಕ್ಕಳ ಲಸಿಕೆ ಕಾರ್ಡು, ಮಿಲಿಟರಿ ಆಸ್ಪತ್ರೆ ಅಂದರೆ ಎಂಎಚ್‌ನ ಮೆಡಿಕಲ್ ಪುಸ್ತಕ, ಒಂದು ತಿಂಗಳ ಮಾತ್ರೆ, ಕ್ಯಾಂಟೀನ್ ಕಾರ್ಡು ಇಟ್ಟುಕೊಳ್ಳಿ. ಲಾರಿ ನಿಮಗಿಂತ ಒಂದು ವಾರ ತಡವಾಗಿ ಬಂದರೂ ನಡೆಯುವಂತೆ ಎರಡು ಚಾದರ, ಒಂದು ಕುಕ್ಕರ್, ನಾಲ್ಕು ತಟ್ಟೆ ಲೋಟ, ಮಕ್ಕಳ ಯೂನಿಫಾರಂ ರೈಲಿನಲ್ಲೇ ಬರಲಿ. ರಜಾಯಿ ಇಲ್ಲಿಂದ ಹೊರಬೇಡಿ, ಅಲ್ಲಿ ಹತ್ತಿ ತುಂಬಿಸಿ ಹೊಲಿಸಿಕೊಡುತ್ತಾರೆ. ನೀವು ಹೋಗುವುದು ಏಪ್ರಿಲ್, ಅದು ಬೇಕಾಗುವುದು ನವೆಂಬರ್‌ಗೆ. ಏಪ್ರಿಲ್‌ಗೆ ಬೇಕಾದದ್ದು ಕೂಲರ್, ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹುಡುಕಿ.